ಬೂತಾಯಿಯ ಮೈಯಲ್ಲಿ ಬೆಳ್ಳಿ ಎಲ್ಲಿಂದ ಬಂತು?

ಮಂಗಳೂರು ಕಡೆಯ ಮಕ್ಕಳಿಗೆ ಬೂತಾಯಿ ಮೀನು ಗೊತ್ತೇ ಇರುತ್ತದೆ. ಅದನ್ನು ಶುಚಿ ಮಾಡುವಾಗ ಬೆರಳಿಗೆಲ್ಲ ಬೆಳ್ಳಿಪುಡಿ ಮೆತ್ತಿಕೊಳ್ಳುತ್ತದಲ್ಲ, ಅದರಲ್ಲಿ ಬೆಳ್ಳಿ ಚೂರೂ ಇಲ್ಲ. ಮಿನುಗುವುದು ಗ್ವಾನಿನ್. ಇಂಗಾಲ, ಜಲಜನಕ, ಸಾರಜನಕದ ಐದೈದು ಪರಮಾಣು, ಆಮ್ಲಜನಕದ್ದು ಒಂದೇ ಒಂದು. ಇಷ್ಟೇ ಅದರ ಬಂಡವಾಳ.

ಇದು ಮೊದಲು ಸಿಕ್ಕಿದ ಕಥೆಯನ್ನು ಮೂಗು ಮುಚ್ಚಿಕೊಂಡು ಕೇಳಿ. ಪೆರು ದೇಶದ ದ್ವೀಪಗಳಲ್ಲಿ ಕಡಲಹಕ್ಕಿಗಳ ಹಿಕ್ಕೆ ಗುಡ್ಡೆಗುಡ್ಡೆಯಾಗಿ ಬಿದ್ದಿತ್ತು. ಗ್ವಾನೊ ಎಂಬ ಈ ಹಿಕ್ಕೆ ಒಳ್ಳೆಯ ಗೊಬ್ಬರವೆಂದು ಹಡಗುಗಟ್ಟಲೆ ಯುರೋಪಿಗೆ ಹೋಗುತ್ತಿತ್ತು. 1844ರ ಸುಮಾರಿಗೆ ಜರ್ಮನಿಯ ಬೋಡೊ ಉಂಗರ್ ಅದರಿಂದಲೇ ಗ್ವಾನಿನ್ ಬೇರ್ಪಡಿಸಿದರು. ಹಿಕ್ಕೆಯನ್ನು ಕೆದಕಿ ಕೂತವರ ತಾಳ್ಮೆಯನ್ನು ಮೆಚ್ಚಲೇಬೇಕು!

ಗ್ವಾನಿನ್ ಅಣು ಚಪ್ಪಟೆ. ಅದರ ಗುಟ್ಟೆಲ್ಲ ಇರುವುದು ಇಲ್ಲೇ. ಪೇರಿಸಿಟ್ಟ ಹಪ್ಪಳಗಳ ಹಾಗೆ ಅಣುಗಳು ಒಂದರ ಮೇಲೊಂದು ಕೂತು ತೆಳ್ಳನೆಯ ಹರಳಾಗುತ್ತವೆ. ಮೀನಿನ ಚರ್ಮದಲ್ಲಿ ಇಂಥ ಹರಳಿನ ದಪ್ಪ ಸುಮಾರು ಮಿಲಿಮೀಟರಿನ ಹತ್ತು ಸಾವಿರದಲ್ಲೊಂದು ಭಾಗ. ಬಿಡಿಯಾಗಿ ನೋಡಿದರೆ ಒಂದೊಂದೂ ಪಾರದರ್ಶಕ, ಬಣ್ಣವೇ ಇಲ್ಲ. ಆದರೆ ಹರಳು, ನಡುವೆ ಜೀವಕೋಶದ ರಸ, ಮತ್ತೆ ಹರಳು ಎಂದು ಪದರ ಪದರವಾಗಿ ನಿಂತಾಗ ಪ್ರತಿ ಪದರವೂ ಒಂದಿಷ್ಟು ಬೆಳಕನ್ನು ಹಿಂದಕ್ಕೆ ಕಳಿಸುತ್ತದೆ. ಎಲ್ಲ ಸೇರಿ ಮೀನಿನ ಮೈ ಕನ್ನಡಿಯಾಗುತ್ತದೆ. ಬೇಟೆಗೆ ಬಂದ ದೊಡ್ಡ ಮೀನಿಗೆ ಅದರಲ್ಲಿ ಸುತ್ತಲಿನ ನೀರಿನ ಬಣ್ಣವೇ ಕಂಡರೆ ಬೂತಾಯಿಯನ್ನು ಗುರುತಿಸುವುದು ಕಷ್ಟ.

ಮಡಗಾಸ್ಕರಿನ ಪ್ಯಾಂಥರ್ ಗೋಸುಂಬೆಗೆ ಇನ್ನೂ ಜಾಣತನ. ಕೆರಳಿದಾಗ ಅದು ಚರ್ಮದೊಳಗಿನ ಗ್ವಾನಿನ್ ಹರಳುಗಳ ನಡುವಿನ ಅಂತರವನ್ನು ಹೆಚ್ಚಿಸುತ್ತದೆ. ಅಷ್ಟಕ್ಕೇ ಹಸಿರು ಮೈ ಹಳದಿಗೆ ತಿರುಗುತ್ತದೆ.

ನಮ್ಮೊಳಗೂ ಗ್ವಾನಿನ್ ಇದೆ, ಆದರೆ ಹೊಳೆಯುವುದಕ್ಕಲ್ಲ. ಡಿಎನ್‌ಎಯಲ್ಲಿ ನಮ್ಮ ದೇಹದ ಸೂಚನೆಗಳನ್ನು ಬರೆದಿರುವ ನಾಲ್ಕು ಅಕ್ಷರಗಳಲ್ಲಿ ಅದೂ ಒಂದು. ಉಳಿದವು ಅಡೆನಿನ್, ಥೈಮಿನ್, ಸೈಟೊಸಿನ್. ಈ ನಾಲ್ಕೂ ಚಪ್ಪಟೆಯೇ. ಒಂದರ ಮೇಲೊಂದು ಒತ್ತಿ ಕೂರುವುದರಿಂದಲೇ ಡಿಎನ್‌ಎಯ ಸುರುಳಿ ಗಟ್ಟಿಯಾಗಿ ನಿಲ್ಲುತ್ತದೆ. ಎದುರಿನ ಎಳೆಯಲ್ಲಿ ಗ್ವಾನಿನ್ ಕೈಹಿಡಿಯುವುದು ಸೈಟೊಸಿನ್ ಅನ್ನು, ಅದೂ ಮೂರು ಹೈಡ್ರೋಜನ್ ಬಂಧಗಳಿಂದ. ಅಡೆನಿನ್-ಥೈಮಿನ್ ಜೋಡಿಗೆ ಎರಡೇ ಬಂಧ. ಹಾಗಾಗಿ ಗ್ವಾನಿನ್ ಹೆಚ್ಚಿರುವ ಡಿಎನ್‌ಎಯ ಎಳೆಗಳನ್ನು ಬಿಡಿಸಬೇಕಾದರೆ ಪ್ರಯೋಗಾಲಯದಲ್ಲಿ ಇನ್ನಷ್ಟು ಬಿಸಿ ಮಾಡಬೇಕಾಗುತ್ತದೆ.