ಶಾಲೆಗೆ ಬೀಗ ಹಾಕುವವರು ಯಾರು?



ಮೇ ದಿನದ ಊರಾದ ಷಿಕಾಗೋವನ್ನು ಗಿರಣಿಯವರಾದ ನೀವು ಬಲ್ಲಿರಿ. ಅಲ್ಲಿಯ ಸರಕಾರಿ ಶಾಲೆಗಳನ್ನು ಆಳುವುದು ಒಂದು ಶಿಕ್ಷಣ ಮಂಡಳಿ. 1995ರಲ್ಲಿ ಇಲಿನಾಯ್ ಶಾಸನಸಭೆ ಮಂಡಳಿಯ ನೇಮಕವನ್ನೆಲ್ಲ ಮೇಯರರ ಕೈಗೆ ಕೊಟ್ಟಿತು. ಶಾಲೆಗಳ ಮುಖ್ಯಸ್ಥನಿಗೆ ಕಂಪನಿಗಳಲ್ಲಿರುವಂತೆ ‘ಚೀಫ್ ಎಕ್ಸಿಕ್ಯೂಟಿವ್ ಆಫೀಸರ್’ ಎಂದು ಹೆಸರಾಯಿತು. ಮಕ್ಕಳ ಶಾಲೆಗೆ ಎಂಥ ಹೆಸರು, ನೋಡಿ!

2013ರಲ್ಲಿ ಈ ಮಂಡಳಿ ಒಂದೇ ದಿನ ಸುಮಾರು 50 ಶಾಲೆಗಳನ್ನು ಮುಚ್ಚಲು ಒಪ್ಪಿತು. ಮಕ್ಕಳು ಕಡಿಮೆ, ಹಣ ಸಾಲದು ಎಂದರು. ಮುಚ್ಚಿದ್ದು ಬಹುಪಾಲು ಕಪ್ಪು ಜನರ ಕೇರಿಗಳಲ್ಲಿ. ತಾಯಿತಂದೆಗಳು ಸಭೆ ಸಭೆಗೂ ಹೋಗಿ ಕೂಗಿದರು. ಮುಂದಿನ ಚುನಾವಣೆಯಲ್ಲಿ ಕೆಳಗಿಳಿಸೋಣವೆಂದರೆ ಮಂಡಳಿಯಲ್ಲಿದ್ದವರಾರೂ ಓಟು ಕೇಳಿ ಬಂದವರಲ್ಲ! 1988ರ ಕಾನೂನಿನಂತೆ ಬಹುತೇಕ ಶಾಲೆಗಳಿಗೆ ಪೋಷಕರ ಚುನಾಯಿತ ಸಮಿತಿಯೇನೋ ಇತ್ತು. ಮುಖ್ಯೋಪಾಧ್ಯಾಯರನ್ನು ಆರಿಸುವ ಹಕ್ಕು ಅದಕ್ಕಿತ್ತು, ಶಾಲೆಯನ್ನು ಉಳಿಸಿಕೊಳ್ಳುವ ಹಕ್ಕಿರಲಿಲ್ಲ.

ಉಪಾಧ್ಯಾಯರ ಸಂಘವೂ ಪೋಷಕರೂ ವರ್ಷಗಟ್ಟಲೆ ಹೋರಾಡಿದ ಮೇಲೆ 2021ರಲ್ಲಿ ಕಾನೂನು ಬದಲಾಯಿತು. 2024ರ ನವೆಂಬರ್‌ನಲ್ಲಿ ಮೊದಲ ಚುನಾವಣೆ. 21 ಸ್ಥಾನಗಳಲ್ಲಿ 10 ಜನರ ಓಟಿನಿಂದ, 11 ಮೇಯರರಿಂದ. ಆ ಒಂದರ ಬೆಲೆಯನ್ನು ವ್ಯಾಪಾರಿಗಳಿಗೆ ನಾನು ಹೇಳಬೇಕಾಗಿಲ್ಲ. 2026ರ ನವೆಂಬರ್‌ನಲ್ಲಿ ಎಲ್ಲ 21ಕ್ಕೂ ಚುನಾವಣೆಯೆಂದು ಕಾನೂನು ಗೊತ್ತುಮಾಡಿತು. ಆದರೆ ಸದಸ್ಯರಿಗೆ ಸಂಬಳವಿಡಲಿಲ್ಲ. ಸಂಬಳವಿಲ್ಲದ ಆ ಕುರ್ಚಿಯಲ್ಲಿ ಕೂಲಿಯವನು ಹೇಗೆ ಕೂತಾನು?