ಬಿಡದ ಹಿಮ್ಮಡಿ ನೋವಿಗೆ ಯಾವ ಚಿಕಿತ್ಸೆ?



ಭಟ್ಕಳ, ಹೊನ್ನಾವರ, ಕುಮಟಾದ ಮೀನುಪೇಟೆಯಲ್ಲಿ ದಿನವಿಡೀ ನಿಲ್ಲುವವರು, ಬುಟ್ಟಿ ಹೊತ್ತು ಮನೆಮನೆ ತಿರುಗುವವರು ನಿಮ್ಮಲ್ಲೇ ಇದ್ದೀರಿ. ಬೆಳಿಗ್ಗೆ ಮೊದಲ ಹೆಜ್ಜೆ ಇಟ್ಟಾಗ ಹಿಮ್ಮಡಿಗೆ ಮುಳ್ಳು ಚುಚ್ಚಿದ ಹಾಗಾಗ್ತದೆ, ಸ್ವಲ್ಪ ನಡೆದರೆ ಕಡಿಮೆ, ಸಂಜೆಗೆ ಮತ್ತೆ ಶುರು. ಹಿಮ್ಮಡಿಯಿಂದ ಬೆರಳಿನವರೆಗೆ ಅಂಗಾಲಿನಲ್ಲಿರುವ ದಪ್ಪ ನಾರಿನ ಪಟ್ಟಿ ಸವೆದು ಬರುವ ನೋವಿದು. ಎಕ್ಸ್‌ರೇ ನೋಡಿ ‘ಎಲುಬು ಬೆಳೆದಿದೆ’ ಅಂದ ಕೂಡಲೇ ಹೆದರಬೇಡಿ. ನೋವೇ ಇಲ್ಲದ ಎಷ್ಟೋ ಜನರಿಗೂ ಅದು ಇರ್ತದೆ.

ಇಂಜೆಕ್ಷನ್ ಹಾಕಿಸಿದರೆ ಒಮ್ಮೆಗೇ ಹೋಗ್ತದಲ್ಲ ಅಂತ ಕೇಳ್ತೀರಿ. ಸ್ಟಿರಾಯ್ಡ್ ಇಂಜೆಕ್ಷನ್ ಬೇಗ ಆರಾಮ ಕೊಡ್ತದೆ ನಿಜ, ಆದರೆ ಅದು ಹೆಚ್ಚಾಗಿ ಒಂದು ತಿಂಗಳ ಮಾತು. ಪದೇ ಪದೇ ಹಾಕಿಸಿದರೆ ಹಿಮ್ಮಡಿಯ ಮೆತ್ತನೆ ಕೊಬ್ಬು ಕರಗಬಹುದು, ಪಟ್ಟಿಯೇ ಹರಿಯಬಹುದು. ಸಕ್ಕರೆ ಕಾಯಿಲೆಯವರಿಗೆ ಕೆಲವು ದಿನ ಸಕ್ಕರೆಯೂ ಏರಬಹುದು.

ನನ್ನ ಕೇಳಿದರೆ ಮೊದಲು ದುಡ್ಡು ಬೇಡದ ಮದ್ದು. ಹಾಸಿಗೆ ಬಿಟ್ಟೇಳುವ ಮೊದಲೇ ನೋವಿನ ಪಾದವನ್ನು ಇನ್ನೊಂದು ತೊಡೆಯ ಮೇಲಿಟ್ಟು, ಅಂಗಾಲು ಬಿಗಿಯಾಗುವಷ್ಟು ಬೆರಳುಗಳನ್ನು ಮೊಣಕಾಲಿನ ಕಡೆಗೆ ಎಳೆದು ಹಿಡಿದು 10 ಎಣಿಸಿ. ಹೀಗೆ 10 ಸಲ, ದಿನಕ್ಕೆ 3 ಹೊತ್ತು. ಮೆತ್ತನೆ ಚಪ್ಪಲಿ ಹಾಕಿ, ಸಿಮೆಂಟ್ ನೆಲದಲ್ಲಿ ಬರಿಗಾಲು ಬೇಡ. ವಾರದಲ್ಲಿ ಗುಣ ಕಾಣ್ಲಿಕ್ಕಿಲ್ಲ, ತಿಂಗಳುಗಟ್ಟಲೆ ಮಾಡಬೇಕು. ಹೆಚ್ಚಿನವರಿಗೆ ವರ್ಷದೊಳಗೆ ಆಪರೇಷನ್ ಇಲ್ಲದೆ ವಾಸಿಯಾಗ್ತದೆ.

6 ತಿಂಗಳು ಬಿಡದೆ ಮಾಡಿಯೂ ನೋವು ಉಳಿದರೆ, ಯಂತ್ರದಿಂದ ತರಂಗ ಬಿಡುವ ಶಾಕ್‌ವೇವ್ ಚಿಕಿತ್ಸೆ ಬಗ್ಗೆ ಎಲುಬು ತಜ್ಞರಲ್ಲಿ ವಿಚಾರಿಸಿ. ಸಂಘದ ಸಾಲ ಎತ್ತುವುದಾದರೆ ಆಗ ಎತ್ತಿ. ಪಾದ ಜೋಮು ಹಿಡಿದರೆ, ಊದಿ ಜ್ವರ ಬಂದರೆ ಮಾತ್ರ ಕಾಯದೆ ಆಸ್ಪತ್ರೆಗೆ ಹೋಗಿ.