ಜಾರುವವರನ್ನು ಕಾಯ್ದ ಚಕ್ರಗಳು

ರೋಲರ್ ಕೋಸ್ಟರ್ ಎಂದೊಡನೆ ಎತ್ತರ, ವೇಗ, ಕಿರುಚಾಟ ಕಣ್ಣಮುಂದೆ ಬರುತ್ತವೆ. ಎತ್ತರದಿಂದ ಜಾರುವುದನ್ನು ಯಾರೂ ಯಾರಿಗೂ ಕಲಿಸಬೇಕಾಗಿಲ್ಲ. ಜಾರಿದವರನ್ನು ಕ್ಷೇಮವಾಗಿ ಕೆಳಗಿಳಿಸುವ ವಿದ್ಯೆ ಕೈಗೂಡಲು ಮಾತ್ರ ಬಹಳ ಕಾಲ ಹಿಡಿಯಿತು. ಈ ಹೊತ್ತಿನ ಮಾತು ಆ ವಿದ್ಯೆಯನ್ನು ಕುರಿತದ್ದು.

18ನೇ ಶತಮಾನದ ರಷ್ಯಾದಲ್ಲಿ ಚಳಿಗಾಲ ಬಂತೆಂದರೆ ಮರದ ಎತ್ತರದ ಅಟ್ಟಣೆ ಕಟ್ಟಿ, ಅದರ ಇಳಿಜಾರಿಗೆ ನೀರು ಸುರಿದು ಹೆಪ್ಪುಗಟ್ಟಿಸುತ್ತಿದ್ದರು. ಜನ ಮೆಟ್ಟಿಲು ಹತ್ತಿ ಹೋಗಿ, ಜಾರುಬಂಡಿಯಲ್ಲಿ ಕೂತು ಸರ್ರನೆ ಇಳಿಯುತ್ತಿದ್ದರು. ಈ ಆಟ ಪ್ಯಾರಿಸ್ ಮುಟ್ಟಿದಾಗ ಅಲ್ಲಿ ಅಷ್ಟು ಹಿಮವಿರಲಿಲ್ಲ. ಹಾಗಾಗಿ ಬಂಡಿಗೆ ಚಕ್ರ ಬಂತು. 1817ರಲ್ಲಿ ಅಲ್ಲಿ ತೆರೆದ ಇಳಿಜಾರುಗಳಲ್ಲಿ ಚಕ್ರ ದಾರಿ ತಪ್ಪದಂತೆ ಹಳಿಗೆ ಬಂಧಿಸಿದ್ದರು.

ಅಮೆರಿಕದಲ್ಲಿ ಹೀಗೆ ಹಳಿಯ ಮೇಲೆ ಬಂಡಿ ಜಾರಿಸುವ ಕೆಲಸಕ್ಕೆ ಕೈಹಾಕಿದ್ದು ಗಣಿಯವರು. ಪೆನ್ಸಿಲ್ವೇನಿಯಾದ ಮಾಕ್ ಚಂಕ್ ಎಂಬಲ್ಲಿ 1827ರಲ್ಲಿ ಬೆಟ್ಟದ ಮೇಲಿನ ಕಲ್ಲಿದ್ದಲನ್ನು ನದಿಯ ದಡಕ್ಕೆ ಇಳಿಸಲು ಸುಮಾರು 9 ಮೈಲಿ ಹಳಿ ಹಾಕಿದರು. ಎಂಜಿನ್ ಇಲ್ಲ, ಇಳಿಜಾರೇ ಶಕ್ತಿ. ಖಾಲಿ ಬಂಡಿಗಳನ್ನು ಮತ್ತೆ ಮೇಲಕ್ಕೆ ಎಳೆಯುವ ಪಾಡು ಹೇಸರಗತ್ತೆಗಳದು. ಇಳಿಯುವಾಗ ಅವಕ್ಕೂ ಬಂಡಿಯಲ್ಲೇ ಜಾಗ! ಮುಂದೆ ಎಳೆಯಲು ಉಗಿಯಂತ್ರ ಬಂತು. 1872ರಲ್ಲಿ ಸುರಂಗ ಮಾರ್ಗವಾಗಿ ಕಲ್ಲಿದ್ದಲು ಬೇರೆ ದಾರಿ ಹಿಡಿದ ಮೇಲೆ, ಹಳೆಯ ಹಳಿ ಪೂರ್ತಿಯಾಗಿ ಪ್ರವಾಸಿಗರ ಪಾಲಾಯಿತು. ದುಡಿಮೆಗೆ ಹಾಕಿದ ಹಳಿಯ ಮೇಲೆ ಜನ ಕಾಸು ಕೊಟ್ಟು ಕೂತರಲ್ಲ, ಈ ಚರಿತ್ರೆಯಲ್ಲಿ ನನಗೆ ತುಂಬ ಹಿಡಿಸಿದ ಘಟ್ಟ ಇದೇ.

ನ್ಯೂಯಾರ್ಕ್‌ನ ಕೋನಿ ಐಲ್ಯಾಂಡ್ ಕಡಲತೀರದಲ್ಲಿ 1884ರಲ್ಲಿ ಲಾಮಾರ್ಕಸ್ ಥಾಂಪ್ಸನ್ ಎಂಬವರು ಮೋಜಿಗೆಂದೇ 600 ಅಡಿ ಉದ್ದದ ಹಳಿ ಹಾಕಿಸಿದರು. ಟಿಕೆಟ್ 5 ಸೆಂಟ್, ವೇಗ ಗಂಟೆಗೆ ಬರೀ 6 ಮೈಲಿ. ಆ ತುದಿ ಮುಟ್ಟಿದ ಮೇಲೆ ಎಲ್ಲರೂ ಇಳಿಯಬೇಕು. ಆಳುಗಳು ಬಂಡಿಯನ್ನು ಪಕ್ಕದ ಹಳಿಗೆ ತಂದು ನಿಲ್ಲಿಸಿದ ಮೇಲೆ ಮತ್ತೆ ಹತ್ತಬೇಕು. ಆದರೂ ಜನ ಮುಗಿಬಿದ್ದರು.

ಅಲ್ಲೇ 1895ರಲ್ಲಿ ಬಂದ ಫ್ಲಿಪ್ ಫ್ಲ್ಯಾಪ್ ರೈಲ್ವೆ ಜನರನ್ನು ತಲೆಕೆಳಗು ಮಾಡಿ ತಿರುಗಿಸಿತು. ಅದರ ಸುತ್ತು ಅಚ್ಚುಕಟ್ಟಾದ ವೃತ್ತ, ತೊಂದರೆಯೂ ಅದರಿಂದಲೇ. ವೇಗ ಅತಿ ಹೆಚ್ಚಿರುವ ಕೆಳಭಾಗದಲ್ಲೇ ಬಂಡಿ ಥಟ್ಟನೆ ಮೇಲಕ್ಕೆ ತಿರುಗುತ್ತಿತ್ತು. ಕೂತವರ ಕತ್ತು ಆ ಹೊಡೆತ ತಾಳದೆ ನೋಯುತ್ತಿತ್ತು. ಪರಿಹಾರವನ್ನು ನೆಲೆಗೊಳಿಸಿದ್ದು 1976ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ತೆರೆದ ರೆವಲ್ಯೂಷನ್ ಎಂಬ ರೋಲರ್ ಕೋಸ್ಟರ್. ಜರ್ಮನಿಯ ಎಂಜಿನಿಯರ್ ವರ್ನರ್ ಸ್ಟೆಂಗೆಲ್ ಅದರ ಸುತ್ತನ್ನು ನೀರಹನಿಯ ಆಕಾರದಲ್ಲಿ, ಕೆಳಗೆ ಅಗಲ ಮೇಲೆ ಕಿರಿದಾಗಿ ರೂಪಿಸಿದರು. ಅದರಿಂದ ತಿರುವು ನಿಧಾನವಾಗಿ ಬಿಗಿಯಾಗುತ್ತದೆ, ಕತ್ತಿಗೆ ಪೆಟ್ಟಾಗುವುದಿಲ್ಲ.

ಈ ಎರಡು ಸುತ್ತುಗಳ ನಡುವಿನ ಕಾಲದಲ್ಲಿ ಅಮೆರಿಕದ ಜಾನ್ ಮಿಲ್ಲರ್ ಎಂಬವರ ಹೆಸರು ಹೇಳಲೇಬೇಕು. ಮೊದಲ ದಿಬ್ಬ ಏರುವಾಗ ಕಾಲಡಿ ಟಕ್, ಟಕ್, ಟಕ್ ಎಂದು ಕೇಳುತ್ತದಲ್ಲ, ಅದು ಬರೀ ಸರಪಳಿಯ ಸದ್ದಲ್ಲ. ಹಳಿಯ ನಡುವಿನ ಹಲ್ಲುಪಟ್ಟಿಯ ಮೇಲೆ ಬಂಡಿಯ ಕೊಕ್ಕೆ ಒಂದೊಂದೇ ಹಲ್ಲು ದಾಟುವ ಸದ್ದು. ಸರಪಳಿ ತುಂಡಾದರೂ ಬಂಡಿ ಹಿಂದಕ್ಕೆ ಜಾರದಂತೆ ಕೊಕ್ಕೆ ಹಲ್ಲಿಗೆ ಸಿಕ್ಕಿ ನಿಲ್ಲುತ್ತದೆ. 1910ರ ಹೊತ್ತಿಗೆ ಮಿಲ್ಲರ್ ಇದಕ್ಕೆ ಪೇಟೆಂಟ್ ಪಡೆದರು. ಮುಂದೆ ಹಳಿಯ ಅಡಿಗೂ ಒಂದು ಚಕ್ರ ಜೋಡಿಸಿದರು. ದಿಬ್ಬದ ನೆತ್ತಿ ದಾಟುವಾಗ ಬಂಡಿ ಮೇಲಕ್ಕೆ ಹಾರಲು ನೋಡಿದರೆ, ಈ ಚಕ್ರ ಅದನ್ನು ಹಳಿಗೇ ಹಿಡಿದಿಡುತ್ತದೆ. ನಮ್ಮ ಹೊಟ್ಟೆಯೊಳಗೆ ಝಲ್ ಎನ್ನುವ ಕ್ಷಣವಿದೆಯಲ್ಲ, ಆಗ ನಮ್ಮ ಜೀವ ಕಾಯುವುದು ಈ ಮರೆಯ ಚಕ್ರ. ಅದಿಲ್ಲದೆ, 1927ರಲ್ಲಿ ಕೋನಿ ಐಲ್ಯಾಂಡ್‌ನಲ್ಲಿ ತೆರೆದ ಸೈಕ್ಲೋನ್‌ನಂಥ ಕಡಿದಾದ ಇಳಿತಗಳಿಗೆ ಧೈರ್ಯ ಬರುತ್ತಿರಲಿಲ್ಲ.

ಮುಂದೆ ಅಮೆರಿಕದ ಮಹಾ ಆರ್ಥಿಕ ಕುಸಿತದಲ್ಲಿ ಇಂಥ ಅನೇಕ ಪಾರ್ಕ್‌ಗಳು ಮುಚ್ಚಿದವು. 1955ರ ಡಿಸ್ನಿಲ್ಯಾಂಡ್ ಮತ್ತೆ ಜನರನ್ನು ಕರೆತಂದಿತು. 1959ರಲ್ಲಿ ಅಲ್ಲೇ ಉಕ್ಕಿನ ಕೊಳವೆ ಹಳಿಯ ಮ್ಯಾಟರ್‌ಹಾರ್ನ್ ಓಡಿತು. ನಮ್ಮ ಬಿಡದಿ ಹತ್ತಿರ ವಂಡರ್‌ಲಾ ಪಾರ್ಕ್ ತೆರೆದದ್ದು 2005ರಲ್ಲಿ. ಅದೇ ವರ್ಷ ಅಮೆರಿಕದ ನ್ಯೂಜೆರ್ಸಿಯಲ್ಲಿ 456 ಅಡಿ ಎತ್ತರದ ಕಿಂಗ್ಡಾ ಕಾ ಎದ್ದಿತು, 2025ರಲ್ಲಿ ಅದನ್ನು ಕೆಡವಿದರು.

ಆದರೆ ಮೆಲ್ಬರ್ನ್‌ನ ಲೂನಾ ಪಾರ್ಕ್‌ನಲ್ಲಿ 1912ರ ಮರದ ಸೀನಿಕ್ ರೈಲ್ವೆ ಒಂದು ಶತಮಾನ ದಾಟಿ ಬಂದಿದೆ. ಅಲ್ಲಿ ಬಂಡಿಯ ನಡುವೆ ಬ್ರೇಕಿನವನೊಬ್ಬ ನಿಂತೇ ಸವಾರಿ ಮಾಡುತ್ತಾನೆ. ಯಾವ ತಿರುವಿಗೆ ಎಷ್ಟು ವೇಗ ಸಾಕು ಎಂದು ಅಳೆದು, ಕೈಯಾರೆ ಬ್ರೇಕ್ ಎಳೆಯುವ ಕೆಲಸ ಅವನದು.